ಕಚ್ಚಿಕೊಂಡ ನಟ್ಟು: ಹಳೆಯ ಎಂಜಿನ್ನಿನ ದುರಸ್ತಿಯಲ್ಲಿ ತಾಳ್ಮೆಯ ಲೆಕ್ಕ

ಯಾವ ಉದ್ದಿಮೆಯ ಲೆಕ್ಕಪುಸ್ತಕದಲ್ಲಿಯೂ ನಟ್ಟಿಗೆ ಪ್ರತ್ಯೇಕ ಖಾತೆ ಇರುವುದಿಲ್ಲ. ಕೆಲವೇ ರೂಪಾಯಿ ಬೆಲೆಯ ಈ ವಸ್ತು ‘ಬಿಡಿಭಾಗಗಳು’ ಎಂಬ ಶೀರ್ಷಿಕೆಯಡಿ ಅಡಗಿಹೋಗುತ್ತದೆ. ಆದರೆ ಹಂಗಾಮಿನ ನಡುವೆ ಹಳೆಯ ಎಂಜಿನ್ನಿನ ಮೂಲೆಯೊಂದರಲ್ಲಿ ತುಕ್ಕು ಹಿಡಿದ ನಟ್ಟು ಬಿಚ್ಚಲು ಬಾರದೆ ನಿಂತಾಗ, ಅದರ ನಿಜವಾದ ಬೆಲೆ ಏನೆಂಬುದು ಮಾಲೀಕನಿಗೆ ಅರಿವಾಗುತ್ತದೆ. ನಟ್ಟನ್ನು ಬಿಚ್ಚುವುದು ಮೆಕ್ಯಾನಿಕ್‌ನ ಕೆಲಸ, ಅದರಲ್ಲಿ ಮಾಲೀಕನಿಗೆ ಸಂಬಂಧವಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ, ‘ಬೇಗ ಮುಗಿಸು’ ಎಂದು ಅವಸರಪಡಿಸುವವನು ಮಾಲೀಕನೇ ಆಗಿರುವುದರಿಂದ, ಈ ಕೆಲಸದ ಕ್ರಮವನ್ನು ಅವನೂ ತಿಳಿದಿರುವುದು ಅವಶ್ಯ.

ಪೆರೇಸಂದ್ರದ ಹಿನ್ನೆಲೆ

ಬೆಂಗಳೂರು–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರ ಮತ್ತು ಬಾಗೇಪಲ್ಲಿಗಳ ನಡುವೆ, ಗುಡಿಬಂಡೆಯ ಕಡೆಗೆ ದಾರಿ ಒಡೆಯುವ ಸ್ಥಳದಲ್ಲಿ ಪೆರೇಸಂದ್ರವಿದೆ. ಸುತ್ತಲಿನ ಹಳ್ಳಿಗಳ ಮುಸುಕಿನ ಜೋಳದ ವ್ಯಾಪಾರ, ಹೆದ್ದಾರಿಯ ಲಾರಿ ಮತ್ತು ಟ್ರ್ಯಾಕ್ಟರ್ ಸಂಚಾರ ಈ ಊರಿನ ವಹಿವಾಟಿಗೆ ಆಧಾರವಾಗಿವೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಅದನ್ನೆತ್ತಲು ಡೀಸೆಲ್ ಎಂಜಿನ್‌ಗಳು ಬಳಕೆಯಲ್ಲಿದ್ದವು. ಬಾವಿಗಳು ಬತ್ತಿ, ಕೊಳವೆ ಬಾವಿ ಹಾಗೂ ವಿದ್ಯುತ್ ಮೋಟಾರುಗಳು ಬಂದ ಮೇಲೆ ಅಂತಹ ಎಂಜಿನ್‌ಗಳಲ್ಲಿ ಕೆಲವು ಗುಜರಿಗೆ ಹೋದವು, ಕೆಲವು ಕೊಟ್ಟಿಗೆಯ ಮೂಲೆ ಸೇರಿದವು, ಉಳಿದವು ಬೇರೆ ಕೆಲಸಗಳಿಗೆ ಹೊಂದಿಕೊಂಡವು. ಜೋಳ ಬಿಡಿಸುವ ಯಂತ್ರವನ್ನು ತಿರುಗಿಸಲು, ವಿದ್ಯುತ್ ಕೈಕೊಟ್ಟಾಗ ಜನರೇಟರ್ ನಡೆಸಲು, ಕೃಷಿ ಹೊಂಡದಿಂದ ನೀರೆತ್ತಲು ಹಳೆಯ ಎಂಜಿನ್ ಇಂದಿಗೂ ಉಪಯುಕ್ತವೇ ಆಗಿದೆ.

ಇಂತಹ ಎಂಜಿನ್‌ಗಳ ದೋಷವೆಂದರೆ ಅವು ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ದುಡಿಯುತ್ತವೆ, ಉಳಿದ ಕಾಲ ಮಳೆ, ಧೂಳು ಮತ್ತು ತೇವದಲ್ಲಿ ನಿಂತಿರುತ್ತವೆ. ಮುಂಗಾರಿನ ಮುಸುಕಿನ ಜೋಳ ಕೊಯ್ಲಿಗೆ ಬರುವ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿಯೇ ಹಿಂಗಾರಿನ ಮಳೆಯೂ ಸುರಿಯುವ ಸಂಭವವಿರುತ್ತದೆ. ಸರ್ಕಾರದ ಖರೀದಿ ಮಾನದಂಡದಂತೆ ಮುಸುಕಿನ ಜೋಳದ ತೇವಾಂಶ ಶೇ. 14ನ್ನು ಮೀರುವಂತಿಲ್ಲ. ಕಣದಲ್ಲಿ ತೆನೆಯ ರಾಶಿ ಬಿದ್ದಿರುವಾಗ ಎಂಜಿನ್ ನಿಂತರೆ ತೇವ ಏರುತ್ತದೆ, ಬೂಷ್ಟು ಹಿಡಿಯುತ್ತದೆ, ದರ ಇಳಿಯುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರನಿಗೂ ಚಿಂತಾಮಣಿಯ ಗಿರಣಿ ಮಾಲೀಕನಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಬದಲಿ ಶಕ್ತಿಯೆಂದು ಇಟ್ಟುಕೊಂಡ ಎಂಜಿನ್ ಬೇಕಾದ ಗಳಿಗೆಯಲ್ಲಿಯೇ ಬಿಚ್ಚಲು ಬಾರದಂತಿದ್ದರೆ ಅದನ್ನು ಇಟ್ಟುಕೊಂಡ ಉದ್ದೇಶವೇ ವ್ಯರ್ಥವಾಗುತ್ತದೆ.

ನಟ್ಟು ಕಚ್ಚಿಕೊಳ್ಳುವುದು ಏಕೆ?

ಮೊದಲನೆಯ ಕಾರಣ ತುಕ್ಕು. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಮೂಲ ಲೋಹದ ಗಾತ್ರದ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ನಟ್ಟು ಮತ್ತು ಬೋಲ್ಟಿನ ಥ್ರೆಡ್‌ಗಳ ನಡುವಿನ ಕಿರಿದಾದ ಸಂದಿನಲ್ಲಿ ಈ ತುಕ್ಕು ಬೆಳೆದು ಬೆಣೆ ಹೊಡೆದಂತೆ ಬಿಗಿಯುತ್ತದೆ. ಎರಡನೆಯ ಕಾರಣ ಶಾಖ. ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ನಟ್ಟುಗಳು ದಿನವೂ ಕಾದು ತಣ್ಣಗಾಗುವುದರಿಂದ ಅವುಗಳ ಮೈಮೇಲೆ ಗಟ್ಟಿಯಾದ ಪೊರೆ ಕಟ್ಟಿಕೊಳ್ಳುತ್ತದೆ. ಮೂರನೆಯದು ಅಲ್ಯೂಮಿನಿಯಂ ಭಾಗದೊಳಗೆ ಉಕ್ಕಿನ ಬೋಲ್ಟ್ ಇರುವ ಸಂದರ್ಭ. ಎರಡು ಭಿನ್ನ ಲೋಹಗಳ ನಡುವೆ ತೇವ ಸೇರಿದಾಗ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಸವೆದು ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ನಾಲ್ಕನೆಯದು ಮಾನವ ನಿರ್ಮಿತ ಕಾರಣ. ಹಿಂದಿನ ಸಲ ಥ್ರೆಡ್ ಶುದ್ಧಿ ಮಾಡದೆ, ಎಣ್ಣೆ ಹಚ್ಚದೆ, ಅಳತೆ ಮೀರಿ ಬಿಗಿದಿರುವುದು.

ಯಾವ ಕಾರಣದಿಂದ ಕಚ್ಚಿಕೊಂಡಿದೆ ಎಂಬುದರ ಮೇಲೆ ಉಪಾಯವೂ ಬದಲಾಗುತ್ತದೆ. ಆದುದರಿಂದ ಸ್ಪ್ಯಾನರ್ ಹಿಡಿಯುವ ಮುನ್ನ ಟಾರ್ಚಿನ ಬೆಳಕಿನಲ್ಲಿ ನೋಡುವುದೇ ಕೆಲಸದ ಮೊದಲ ಹಂತ.

ಸರಿಯಾದ ಅಳತೆಯ ಸ್ಪ್ಯಾನರ್

ಹಳೆಯ ಎಂಜಿನ್‌ಗಳ ನಟ್ಟು ಹಾಳಾಗುವುದು ತುಕ್ಕಿನಿಂದಾಗುವುದಕ್ಕಿಂತ ತಪ್ಪು ಸ್ಪ್ಯಾನರ್‌ನಿಂದ ಆಗುವುದೇ ಹೆಚ್ಚು. ನಿಧಾನಗತಿಯ ಲಿಸ್ಟರ್ ಮಾದರಿಯ ಎಂಜಿನ್ ಮೂಲತಃ ಇಂಗ್ಲೆಂಡಿನ ಡರ್ಸ್ಲಿ ಪಟ್ಟಣದ ಕಾರ್ಖಾನೆಯಲ್ಲಿ 1930ರ ಸುಮಾರಿಗೆ ರೂಪುಗೊಂಡದ್ದು. ಅದರ ಪ್ರತಿರೂಪಗಳು ಗುಜರಾತಿನ ರಾಜಕೋಟೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ದೇಶದೆಲ್ಲೆಡೆ ಹರಡಿದವು. ಇಂತಹ ಎಂಜಿನ್‌ಗಳಲ್ಲಿ ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಪ್ರತಿಪಾದಿಸಿದ ಅಳತೆಯ ನಟ್ಟುಗಳು ಕಂಡುಬರುತ್ತವೆ. ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಕೆತ್ತಿರುವ ಅಂಕಿ ಬೋಲ್ಟಿನ ದಪ್ಪವನ್ನು ಸೂಚಿಸುತ್ತದೆಯೇ ಹೊರತು ಸ್ಪ್ಯಾನರ್ ಬಾಯಿಯ ಅಗಲವನ್ನಲ್ಲ. 3/8 ಎಂದು ಕೆತ್ತಿರುವ ವಿಟ್‌ವರ್ತ್ ಸ್ಪ್ಯಾನರ್‌ನ ಬಾಯಿ ಸುಮಾರು 0.71 ಇಂಚು, ಎಂದರೆ 18 ಮಿಲಿಮೀಟರಿನಷ್ಟಿರುತ್ತದೆ.

ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚಿನ ಅಳತೆಯ ನಟ್ಟುಗಳೂ, ಹೊಸ ಯಂತ್ರಗಳಲ್ಲಿ ಮಿಲಿಮೀಟರ್ ಅಳತೆಯವೂ ಇರುತ್ತವೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಸಡಿಲ ನಟ್ಟು ಸುಲಭವಾಗಿ ಬಿಚ್ಚಿಕೊಳ್ಳಬಹುದು. ಆದರೆ ಕಚ್ಚಿಕೊಂಡ ನಟ್ಟಿನ ಮೇಲೆ ಆ 0.3 ಮಿಲಿಮೀಟರಿನ ಸಡಿಲವೇ ಆರು ಮೂಲೆಗಳನ್ನು ಸವೆಸಿ ನಟ್ಟನ್ನು ಗುಂಡಗಾಗಿಸುತ್ತದೆ. ಮೂಲೆ ಹೋದ ನಟ್ಟು ಎರಡು ಪಟ್ಟು ಕಷ್ಟ. ಆದುದರಿಂದ ನಟ್ಟಿನ ಮೇಲಿನ ಕೊಳೆಯನ್ನು ತಂತಿಯ ಬ್ರಷ್‌ನಿಂದ ಉಜ್ಜಿ, ಬಿಗಿಯಾಗಿ ಕೂರುವ ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರನ್ನೇ ಬಳಸತಕ್ಕದ್ದು. ಎರಡೇ ಬದಿ ಹಿಡಿಯುವ ತೆರೆದ ಬಾಯಿಯ ಸ್ಪ್ಯಾನರ್, ಹೊಂದಿಸುವ ಸ್ಪ್ಯಾನರ್ ಮತ್ತು ಇಕ್ಕಳಗಳು ಈ ಕೆಲಸಕ್ಕೆ ಸಲ್ಲವು.

ಬಲದ ಮಿತಿ

ನಟ್ಟು ಜಗ್ಗದಿದ್ದಾಗ ಸ್ಪ್ಯಾನರ್ ಹಿಡಿಗೆ ಉದ್ದನೆಯ ಕೊಳವೆ ತೊಡಿಸಿ ಎಳೆಯುವುದು ರೂಢಿ. ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಸಾಮಾನ್ಯ 8.8 ದರ್ಜೆಯ 8 ಮಿಲಿಮೀಟರ್ ಸ್ಟಡ್‌ಗೆ ಬಿಗಿಯಬೇಕಾದ ತಿರುಚು ಬಲ ಸುಮಾರು 25 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಕೊಳವೆಯ ತುದಿಯಲ್ಲಿ ಒಬ್ಬನು 25 ಕಿಲೋಗ್ರಾಂ ಭಾರದಷ್ಟು ಎಳೆದರೆ ಸುಮಾರು 245 ನ್ಯೂಟನ್ ಮೀಟರ್ ಬಲ ಬೀಳುತ್ತದೆ, ಎಂದರೆ ಸುಮಾರು ಹತ್ತು ಪಟ್ಟು. ಇಷ್ಟು ಬಲಕ್ಕೆ ನಟ್ಟು ಬಿಚ್ಚಿಕೊಳ್ಳುವ ಮೊದಲೇ ಸ್ಟಡ್ ಕತ್ತರಿಸಿಹೋಗುವುದು ಬಹುತೇಕ ಖಚಿತ. ತುಂಡಾದ ಸ್ಟಡ್‌ನ ಅರ್ಧ ಭಾಗ ಸಿಲಿಂಡರ್ ಹೆಡ್ಡಿನೊಳಗೆ ಉಳಿದರೆ, ಹತ್ತು ನಿಮಿಷದ ಕೆಲಸ ಮೂರು ನಾಲ್ಕು ದಿನದ ಕೆಲಸವಾಗಿ ಮಾರ್ಪಡುತ್ತದೆ.

ಅನುಸರಿಸಬೇಕಾದ ಕ್ರಮ

1. ಎಣ್ಣೆ ಮತ್ತು ಸಮಯ: ತೆಳುವಾದ ಎಣ್ಣೆ ತನ್ನಷ್ಟಕ್ಕೆ ತಾನೇ ಕಿರಿದಾದ ಸಂದಿಗೆ ಏರಿ ಇಳಿಯುವ ಗುಣವನ್ನು ಹೊಂದಿದೆ, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ. ತುಕ್ಕು ಬಿಡಿಸಲೆಂದೇ ತಯಾರಾದ ಎಣ್ಣೆಗಳು ಅಂಗಡಿಗಳಲ್ಲಿ ಲಭ್ಯವಿವೆ. ಮನೆಮಾತಾಗಿರುವ ಡಬ್ಲ್ಯುಡಿ-40 ದ್ರವವನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಲೋಹದಿಂದ ನೀರನ್ನು ಹೊರದೂಡುವ ಉದ್ದೇಶಕ್ಕಾಗಿ ರೂಪಿಸಲಾಯಿತು. ಅದು ಸ್ವಲ್ಪಮಟ್ಟಿಗೆ ನೆರವಾದರೂ ಗಟ್ಟಿ ತುಕ್ಕಿಗೆ ವಿಶೇಷ ಎಣ್ಣೆಯೇ ಮೇಲು. ಸಂಜೆ ಹಚ್ಚಿ, ರಾತ್ರಿ ಇನ್ನೊಮ್ಮೆ ಹಚ್ಚಿ, ಬೆಳಿಗ್ಗೆ ಪ್ರಯತ್ನಿಸುವುದು ಉತ್ತಮ. ಬಹಳ ಹಳೆಯ ತುಕ್ಕಿಗೆ ಎರಡು ಮೂರು ದಿನ ಬೇಕಾಗಬಹುದು. ಇಲ್ಲಿ ಕೆಲಸ ಮಾಡುವುದು ಎಣ್ಣೆಯಷ್ಟೇ ಅಲ್ಲ, ಕಾಲವೂ ಹೌದು.

2. ಪೆಟ್ಟು: ನಟ್ಟಿನ ಮೇಲೆ ಸಾಕೆಟ್ ಅಥವಾ ಹಿತ್ತಾಳೆಯ ತುಂಡನ್ನಿಟ್ಟು ಸುತ್ತಿಗೆಯಿಂದ ಹದವಾಗಿ ಹಲವು ಬಾರಿ ತಟ್ಟಿದರೆ ಅದುರಿಕೆಯಿಂದ ತುಕ್ಕಿನ ಪೊರೆ ಬಿರಿದು ಎಣ್ಣೆ ಒಳಕ್ಕಿಳಿಯುತ್ತದೆ. ಸ್ಟಡ್‌ನ ತುದಿಗೆ ನೇರವಾಗಿ ಬಲವಾಗಿ ಹೊಡೆದರೆ ಥ್ರೆಡ್ ಮಡಿಚಿಕೊಳ್ಳುತ್ತದೆಂಬುದನ್ನು ಮರೆಯಬಾರದು.

3. ಮೊದಲು ಬಿಗಿ, ಅನಂತರ ಸಡಿಲ: ನಟ್ಟನ್ನು ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಲು ಯತ್ನಿಸಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ಸ್ವಲ್ಪ ಜಗ್ಗಿದ ಕೂಡಲೆ ಒಂದೇ ಸಮನೆ ಎಳೆಯದೆ, ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ ಆಡಿಸುತ್ತ, ಎಣ್ಣೆ ಬಿಡುತ್ತ ಬರಬೇಕು. ತುಕ್ಕಿನ ಪುಡಿ ಥ್ರೆಡ್‌ನಲ್ಲಿ ಸಿಲುಕಿ ಮತ್ತೆ ಕಚ್ಚಿಕೊಳ್ಳುವುದು ಇದರಿಂದ ತಪ್ಪುತ್ತದೆ.

4. ಶಾಖ: ಕಾದ ಉಕ್ಕು ಹಿಗ್ಗುತ್ತದೆ. 10 ಮಿಲಿಮೀಟರ್ ಸ್ಟಡ್ ಮೇಲಿನ ನಟ್ಟು ಸ್ಟಡ್‌ಗಿಂತ 200 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅದರ ರಂಧ್ರ ಸುಮಾರು 0.024 ಮಿಲಿಮೀಟರ್ ಹಿಗ್ಗುತ್ತದೆ. ಕಣ್ಣಿಗೆ ಕಾಣದ ಈ ಅಂತರವೇ ತುಕ್ಕಿನ ಬೆಸುಗೆಯನ್ನು ಒಡೆಯಲು ಸಾಕಾಗುತ್ತದೆ. ಆದುದರಿಂದ ಕಾಯಿಸಬೇಕಾದುದು ನಟ್ಟನ್ನೇ ವಿನಾ ಸ್ಟಡ್ಡನ್ನಲ್ಲ. ಬಿಸಿ ನಟ್ಟಿನ ಅಂಚಿಗೆ ಮೇಣದ ಬತ್ತಿಯನ್ನು ಮುಟ್ಟಿಸಿದರೆ ಕರಗಿದ ಮೇಣ ಥ್ರೆಡ್‌ನೊಳಕ್ಕೆ ಹರಿದು ಜಾರುವಿಕೆಯನ್ನು ನೀಡುತ್ತದೆ.

ಶಾಖದ ವಿಷಯದಲ್ಲಿ ಎಚ್ಚರಿಕೆ ಅತ್ಯವಶ್ಯ. ಎಣ್ಣೆ ಸಿಂಪಡಿಸಿದ ಜಾಗಕ್ಕೆ ಬೆಂಕಿ ಹಿಡಿಯಬಾರದು. ಮೊದಲು ಒರೆಸಿ ಒಣಗಿಸಬೇಕು. ಡೀಸೆಲ್ ಟ್ಯಾಂಕ್ ಮತ್ತು ಕೊಳವೆಗಳನ್ನು ಬಿಚ್ಚಿ ದೂರವಿಡಬೇಕು, ಬ್ಯಾಟರಿಯನ್ನು ತೆಗೆದಿರಬೇಕು, ಪಕ್ಕದಲ್ಲಿ ಮರಳಿನ ಬಕೆಟ್ ಇರಬೇಕು. ಜೋಳದ ಸಿಪ್ಪೆ, ದೂಳು ತುಂಬಿದ ಕಣದಲ್ಲಿ ಈ ಕೆಲಸ ಸಲ್ಲದು. ಅಲ್ಯೂಮಿನಿಯಂ ಭಾಗಗಳು ಕೆಂಪಗಾಗದೆಯೇ ಮೆತ್ತಗಾಗಿ ಕುಸಿಯುತ್ತವೆ. ಬಿಸಿಯಾದ ಎರಕದ ಕಬ್ಬಿಣದ ಮೇಲೆ ನೀರು ಸುರಿದರೆ ಸೀಳು ಬಿಡುತ್ತದೆ. ಜ್ವಾಲೆಯಿಲ್ಲದೆ ವಿದ್ಯುತ್ ಸುರುಳಿಯಿಂದ ನಟ್ಟನ್ನು ಮಾತ್ರ ಕಾಯಿಸುವ ಇಂಡಕ್ಷನ್ ಉಪಕರಣಗಳು ಈಗ ದೊರೆಯುತ್ತಿದ್ದು, ಇಕ್ಕಟ್ಟಿನ ಸ್ಥಳಗಳಿಗೆ ಅವು ಹೆಚ್ಚು ಸುರಕ್ಷಿತ.

ಕೈ ಹೋಗದ ಜಾಗಗಳಲ್ಲಿ

ಸುಲಭವಾಗಿ ಕೈಗೆಟಕುವ ನಟ್ಟುಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಅವನ್ನು ಆಗಾಗ ಬಿಚ್ಚಿ ಎಣ್ಣೆ ಹಚ್ಚಿರಲಾಗುತ್ತದೆ. ಮ್ಯಾನಿಫೋಲ್ಡಿನ ಕೆಳಬದಿ, ಇಂಧನ ಪಂಪಿನ ಹಿಂಬದಿ, ಫ್ಲೈವೀಲ್ ಮತ್ತು ಎಂಜಿನ್ ಗೋಡೆಯ ನಡುವೆ, ಅಡಿಪಾಯದ ಚೌಕಟ್ಟಿಗೆ ಅಂಟಿದಂತೆ ಇರುವ ನಟ್ಟುಗಳೇ ಕಚ್ಚಿಕೊಳ್ಳುವವು. ಇಲ್ಲಿ ಮೊದಲ ನಿಯಮವೆಂದರೆ ದಾರಿ ಮಾಡಿಕೊಳ್ಳುವುದು. ಗಾಳಿ ಶೋಧಕ, ಇಂಧನ ಟ್ಯಾಂಕ್, ರೇಡಿಯೇಟರ್ ಇವುಗಳಲ್ಲಿ ಅಡ್ಡವಾಗಿರುವುದನ್ನು ಅರ್ಧ ಗಂಟೆ ವ್ಯಯಿಸಿ ಬಿಚ್ಚಿ ಬದಿಗಿಟ್ಟರೆ ಸ್ಪ್ಯಾನರ್ ನೇರವಾಗಿ ಕೂರುತ್ತದೆ. ಅರ್ಧ ಗಂಟೆ ಉಳಿಸಲು ಹೋಗಿ ಓರೆಯಾಗಿ ಹಿಡಿದ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆಯೂ ಹೋಗುತ್ತದೆ, ಕೆಲಸಗಾರನ ಬೆರಳಿನ ಗೆಣ್ಣೂ ಒಡೆಯುತ್ತದೆ.

ದಾರಿ ಮಾಡಿಕೊಳ್ಳಲಾಗದ ಕಡೆ ಬಾಗಿದ ಕತ್ತಿನ ರಿಂಗ್ ಸ್ಪ್ಯಾನರ್, ಸಾಕೆಟ್ಟಿಗೆ ಜೋಡಿಸುವ ಉದ್ದ ಕಂಬಿ, ಕಾಗೆಯ ಕಾಲಿನಾಕಾರದ ತುಂಡು ಸ್ಪ್ಯಾನರ್ ಉಪಯೋಗಕ್ಕೆ ಬರುತ್ತವೆ. ತಿರುಗುಕೀಲಿನ ಜೋಡಣೆ ಹೆಚ್ಚು ಬಾಗಿದಷ್ಟೂ ಬಲ ವ್ಯರ್ಥವಾಗಿ ಸಾಕೆಟ್ ಓರೆಯಾಗುವುದರಿಂದ ಅದನ್ನು ಸಡಿಲಗೊಂಡ ನಟ್ಟನ್ನು ತಿರುಗಿಸಲು ಮಾತ್ರ ಬಳಸುವುದು ಲೇಸು. ಅನುಭವಿ ಕುಶಲಕರ್ಮಿಗಳು ಹಳೆಯ ಸ್ಪ್ಯಾನರನ್ನು ಕಾಯಿಸಿ ಬಗ್ಗಿಸಿ, ಇಲ್ಲವೆ ಕತ್ತರಿಸಿ, ಒಂದೇ ನಟ್ಟಿಗಾಗಿ ವಿಶೇಷ ಸಾಧನ ಸಿದ್ಧಪಡಿಸುವುದುಂಟು. ಅಂತಹ ಸಾಧನವನ್ನು ಎಂಜಿನ್ನಿನ ಜೊತೆಯಲ್ಲಿಯೇ ಕಟ್ಟಿಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ನಟ್ಟು ಎಡಕ್ಕೆ, ಎಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ. ಆದರೆ ಇದು ನಟ್ಟನ್ನು ಎದುರಿನಿಂದ ನೋಡಿದಾಗಿನ ಮಾತು. ಹಿಂಬದಿಯಿಂದ ಕೈಯಾಡಿಸುವಾಗ ಅಥವಾ ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವಾಗ ದಿಕ್ಕು ತಿರುವುಮುರುವಾಗಿ ಕಾಣುತ್ತದೆ. ಬಿಚ್ಚುತ್ತಿರುವೆನೆಂದು ಭಾವಿಸಿ ಮತ್ತಷ್ಟು ಬಿಗಿದು ಸ್ಟಡ್ ಮುರಿದ ಪ್ರಸಂಗಗಳು ವಿರಳವಲ್ಲ. ತಿರುಗುವ ಕೆಲವು ದಂಡಗಳ ಮೇಲೆ ಎಡ ಥ್ರೆಡ್ಡಿನ ನಟ್ಟುಗಳೂ ಇರುತ್ತವೆ. ಹೊರಚಾಚಿದ ಥ್ರೆಡ್ಡಿನ ಇಳಿಜಾರನ್ನು ನೋಡಿ ದಿಕ್ಕನ್ನು ನಿರ್ಧರಿಸಿ, ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿಕೊಳ್ಳುವುದು ಸರಳ ಉಪಾಯ.

ಕೊನೆಯ ಅಸ್ತ್ರಗಳು

ಇಷ್ಟಾದರೂ ನಟ್ಟು ಮಣಿಯದಿದ್ದರೆ ನಟ್ಟನ್ನು ಬಲಿಕೊಟ್ಟು ಸ್ಟಡ್ಡನ್ನು ಉಳಿಸಬೇಕು. ನಟ್ಟು ಸೀಳುವ ಸಾಧನದಿಂದ, ಇಲ್ಲವೆ ಹ್ಯಾಕ್ಸಾ ಬ್ಲೇಡಿನಿಂದ ನಟ್ಟಿನ ಒಂದು ಬದಿಯನ್ನು ಥ್ರೆಡ್ ಮುಟ್ಟುವ ಮುನ್ನದವರೆಗೆ ಕೊಯ್ದು, ಉಳಿಯಿಂದ ಸೀಳಿದರೆ ಅದು ಬಾಯಿ ಬಿಡುತ್ತದೆ. ನಟ್ಟಿನ ಬೆಲೆ ಕೆಲವು ರೂಪಾಯಿ. ಸ್ಟಡ್ ಈಗಾಗಲೇ ತುಂಡಾಗಿದ್ದು ತುದಿ ಹೊರಗೆ ಚಾಚಿದ್ದರೆ ಅದರ ಮೇಲೆ ಹೊಸ ನಟ್ಟನ್ನಿಟ್ಟು ವೆಲ್ಡ್ ಮಾಡಿ ತಿರುಗಿಸಬಹುದು. ವೆಲ್ಡಿಂಗಿನ ಶಾಖವೇ ಹಿಡಿತವನ್ನು ಸಡಿಲಿಸುತ್ತದೆ. ಒಳಗೇ ಮುರಿದಿದ್ದರೆ ನಡುಮಧ್ಯದಲ್ಲಿ ಗುರುತು ಮಾಡಿ ಕೊರೆದು ತೆಗೆದು, ಹಾಳಾದ ಥ್ರೆಡ್ಡಿಗೆ ತಂತಿ ಸುರುಳಿಯ ಒಳಸೇರ್ಪಡೆ ಹಾಕಿಸಬೇಕಾಗುತ್ತದೆ. ಮುರಿದ ಸ್ಟಡ್ ತೆಗೆಯುವ ಗಡಸು ಉಕ್ಕಿನ ಎಕ್ಸ್‌ಟ್ರ್ಯಾಕ್ಟರ್ ಒಳಗೇ ಮುರಿದರೆ ಅದನ್ನು ಸಾಮಾನ್ಯ ಡ್ರಿಲ್ ಕೊರೆಯಲಾರದು. ಆದುದರಿಂದ ಈ ಹಂತದ ಕೆಲಸವನ್ನು ಸುಸಜ್ಜಿತ ವರ್ಕ್‌ಶಾಪಿಗೆ ಒಪ್ಪಿಸುವುದೇ ವಿವೇಕ.

ಖರ್ಚಿನ ಲೆಕ್ಕ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಇಲ್ಲಿನ ಮೊತ್ತಗಳು ಕೇವಲ ಊಹೆಯವು. ಪ್ರತಿಯೊಬ್ಬ ಉದ್ದಿಮೆದಾರನೂ ತನ್ನ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕ ಮಾಡಬಹುದು. ಜೋಳ ಬಿಡಿಸುವ ಯಂತ್ರದ ಎಂಜಿನ್ ಒಂದು ದಿನ ನಿಂತರೆ ಆಗುವ ನಷ್ಟ 5,000 ರೂ. ಎಂದಿರಲಿ.

ತಾಳ್ಮೆಯ ಮಾರ್ಗದಲ್ಲಿ ಎಣ್ಣೆಗೆ 400 ರೂ., ಮೆಕ್ಯಾನಿಕ್ ಎರಡು ಬಾರಿ ಬಂದುದಕ್ಕೆ 1,500 ರೂ., ಒಂದು ದಿನದ ನಿಲುಗಡೆಗೆ 5,000 ರೂ., ಒಟ್ಟು 6,900 ರೂ.

ಅವಸರದ ಮಾರ್ಗದಲ್ಲಿ ಸ್ಟಡ್ ಮುರಿದರೆ ಹೆಡ್ ಇಳಿಸಿ ಕೂರಿಸುವ ಕೂಲಿ 3,500 ರೂ., ಗ್ಯಾಸ್ಕೆಟ್ 1,200 ರೂ., ಕೊರೆದು ಥ್ರೆಡ್ ಹಾಕಿಸಲು 1,500 ರೂ., ಸಾಗಣೆ 800 ರೂ., ನಾಲ್ಕು ದಿನದ ನಿಲುಗಡೆಗೆ 20,000 ರೂ., ಒಟ್ಟು 27,000 ರೂ.

ಅದೇ ಕೆಲಸವನ್ನು ಹಂಗಾಮಿಗೆ ಎರಡು ತಿಂಗಳು ಮೊದಲೇ ತಾಳ್ಮೆಯಿಂದ ಮಾಡಿಸಿದರೆ ನಿಲುಗಡೆಯ ನಷ್ಟವೇ ಇರುವುದಿಲ್ಲ. ಆಗಿನ ಖರ್ಚು 1,900 ರೂ. ಮಾತ್ರ. ಈ ಮೂರು ಮೊತ್ತಗಳ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಂಜಿನ್ ನಿಂತ ದಿನಗಳು. ಬಿಲ್ಲಿನಲ್ಲಿ ಕಾಣುವ ದುರಸ್ತಿ ವೆಚ್ಚಕ್ಕಿಂತ ಬಿಲ್ಲಿನಲ್ಲಿ ಕಾಣದ ನಿಲುಗಡೆಯೇ ದುಬಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಒಂದು ಮಾತು. ಇರುವ ಯಂತ್ರವನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳುವ ವೆಚ್ಚವು ಚಾಲ್ತಿ ದುರಸ್ತಿಯಾಗಿ ಆಯಾ ವರ್ಷದ ಆದಾಯದಿಂದ ಕಳೆಯಲು ಅರ್ಹವಾಗಿರುತ್ತದೆ. ಹಳೆಯದರ ಬದಲಿಗೆ ಹೊಸ ಯಂತ್ರ ತಂದರೆ ಅದು ಬಂಡವಾಳ ವೆಚ್ಚ. ಅದರ ಮೇಲೆ ಸವಕಳಿ ಮಾತ್ರ ದೊರೆಯುತ್ತದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಪ್ರಕರಣವನ್ನು ಅರ್ಥೈಸುತ್ತ, ಈ ಭೇದವನ್ನು ಸ್ಪಷ್ಟಪಡಿಸಿತು. ಅಂದಾಜು ಆದಾಯದ ಯೋಜನೆಯಡಿ ವಿವರಪಟ್ಟಿ ಸಲ್ಲಿಸುವ ಸಣ್ಣ ವರ್ತಕರಿಗೆ ದುರಸ್ತಿ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲ. ಅಂತಹವರ ಪಾಲಿಗೆ ಮುರಿದ ಸ್ಟಡ್‌ನ ಪೂರ್ಣ ಭಾರ ಕೈಯಿಂದಲೇ ಹೋಗುತ್ತದೆ.

ಮತ್ತೆ ಜೋಡಿಸುವಾಗ

ಬಿಚ್ಚಲು ಪಟ್ಟ ಶ್ರಮ ಮುಂದಿನ ವರ್ಷ ಮರುಕಳಿಸದಿರಬೇಕಾದರೆ ಜೋಡಣೆಯಲ್ಲಿ ಶಿಸ್ತು ಬೇಕು. ಥ್ರೆಡ್ಡನ್ನು ಬ್ರಷ್‌ನಿಂದ ಶುದ್ಧಿ ಮಾಡಿ, ತುಕ್ಕು ಹಿಡಿದ ನಟ್ಟನ್ನು ಎಸೆದು ಹೊಸದನ್ನು ಹಾಕಬೇಕು. ಮ್ಯಾನಿಫೋಲ್ಡಿನ ಸ್ಟಡ್‌ಗಳಿಗೆ ಹಿತ್ತಾಳೆಯ ನಟ್ಟು ಉಚಿತ, ಏಕೆಂದರೆ ಅದು ಉಕ್ಕಿನ ಮೇಲೆ ತುಕ್ಕುಗಟ್ಟಿ ಬೆಸೆಯುವುದಿಲ್ಲ. ತಾಮ್ರ ಅಥವಾ ಗ್ರಾಫೈಟ್ ಬೆರೆತ, ಶಾಖ ತಡೆಯುವ ಲೇಪವನ್ನು ತೆಳುವಾಗಿ ಹಚ್ಚಬೇಕು. ಲೇಪ ಹಚ್ಚಿದ ನಟ್ಟು ಅದೇ ಬಲಕ್ಕೆ ಹೆಚ್ಚು ಬಿಗಿಯಾಗುವುದರಿಂದ ತಿರುಚು ಬಲವನ್ನು ಸ್ವಲ್ಪ ಕಡಿಮೆ ಮಾಡತಕ್ಕದ್ದು. ಸಿಲಿಂಡರ್ ಹೆಡ್ಡಿನ ನಟ್ಟುಗಳಿಗೆ ಮಾತ್ರ ತಯಾರಕರ ಸೂಚನೆಯೇ ಅಂತಿಮ.

ಪೆರೇಸಂದ್ರದಂತಹ ಊರಿನಲ್ಲಿ ಆಗಸ್ಟ್ ತಿಂಗಳು ಇಂತಹ ತಪಾಸಣೆಗೆ ಸೂಕ್ತ. ತೆನೆ ಇನ್ನೂ ಹೊಲದಲ್ಲಿರುತ್ತದೆ, ಮೆಕ್ಯಾನಿಕ್‌ಗಳಿಗೂ ಬಿಡುವಿರುತ್ತದೆ, ಎಣ್ಣೆಗೆ ಮೂರು ದಿನ ಕಾಲಾವಕಾಶ ಕೊಟ್ಟರೂ ಯಾರಿಗೂ ನಷ್ಟವಿಲ್ಲ. ಹಂಗಾಮಿನಲ್ಲಿ ಬಿಚ್ಚಬೇಕಾಗಿ ಬರಬಹುದಾದ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಲೇಪ ಹಚ್ಚಿ, ಮತ್ತೆ ಬಿಗಿದು, ಯಾವ ನಟ್ಟಿಗೆ ಯಾವ ಅಳತೆಯ ಸ್ಪ್ಯಾನರ್ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ.

ತಾಳಿದವನು ಬಾಳಿಯಾನು ಎಂಬ ಗಾದೆ ಯಂತ್ರದ ವಿಷಯದಲ್ಲಿಯೂ ಸತ್ಯ. ಕಚ್ಚಿಕೊಂಡ ನಟ್ಟು ಕೇಳುವುದು ಬಲವನ್ನಲ್ಲ, ಕಾಲವನ್ನು. ಆ ಕಾಲ ಆಗಸ್ಟಿನಲ್ಲಿ ಉಚಿತವಾಗಿ ದೊರೆಯುತ್ತದೆ, ನವೆಂಬರಿನಲ್ಲಿ ಅದಕ್ಕೆ ದಿನವೊಂದಕ್ಕೆ ಇಷ್ಟೆಂದು ಬೆಲೆ ತೆರಬೇಕಾಗುತ್ತದೆ. ವರ್ತಕರೂ ಸಣ್ಣ ಉದ್ದಿಮೆದಾರರೂ ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡು ತಮ್ಮ ಹಳೆಯ ಎಂಜಿನ್‌ಗಳ ತಪಾಸಣೆಯ ದಿನವನ್ನು ಈಗಲೇ ಗೊತ್ತುಪಡಿಸಿಕೊಳ್ಳುವುದು ಹಿತಕರ.